ಟ್ಯಾಂಕಿನ ಮುಚ್ಚಳಕ್ಕೆ ಕಟ್ಟಿದ ದಾರ

ಲೀಟರಿಗೆ ಹನ್ನೆರಡು ಪಾಯಿಂಟ್ ಮೂರು ಕಿಲೋಮೀಟರ್. ಏಪ್ರಿಲ್ ತಿಂಗಳ ಓಟವನ್ನು ಹಾಕಿಸಿದ ಡೀಸೆಲ್ಲಿನಿಂದ ಭಾಗಿಸಿದಾಗ ಬಂದ ಉತ್ತರ ಅದು. ನಂಬಿಕೆಯಾಗದೆ ಇನ್ನೊಮ್ಮೆ ಭಾಗಿಸಿದೆ. ಹಿಂದಿನ ಡಿಸೆಂಬರಿನವರೆಗೂ ಇದೇ ಗಾಡಿ ಇದೇ ರಸ್ತೆಯಲ್ಲಿ ಹದಿನೈದೂವರೆಗಿಂತ ಕಡಿಮೆ ಕೊಟ್ಟದ್ದಿರಲಿಲ್ಲ. ನಡುವೆ ನನ್ನ ಕಣ್ಣಿಗೆ ಕಂಡ ಬದಲಾವಣೆ ಒಂದೇ ಒಂದು. ಜನವರಿಯಲ್ಲಿ ಡ್ರೈವರ್ ಬದಲಾಗಿದ್ದರು.

ಛತ್ರಪತಿ ಸಂಭಾಜಿನಗರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿಕೊಡುವ ಒಂದು ಖಾಸಗಿ ಕಚೇರಿಯಲ್ಲಿ ನನ್ನದು ಆಡಳಿತದ ಕೆಲಸ. ಸಿಲ್ಲೋಡ್ ಮತ್ತು ಕನ್ನಡ್ ತಾಲೂಕುಗಳ ಹೊಲಗಳಿಂದ ಬಂದ ಮಣ್ಣಿನ ಚೀಲಗಳನ್ನು ವಾರಕ್ಕೆರಡು ಸಲ ನಾಸಿಕ್‌ನ ಪ್ರಯೋಗಶಾಲೆಗೆ ಮುಟ್ಟಿಸಬೇಕು. ಅದಕ್ಕೆಂದು ಏಳು ಸೀಟಿನ ಒಂದು ಹಳೆಯ ಡೀಸೆಲ್ ಗಾಡಿ ಇದೆ. ಅದರ ಸರ್ವಿಸು, ವಿಮೆ, ಡೀಸೆಲ್ ಎಲ್ಲವೂ ನನ್ನ ಕೊರಳಿಗೆ. ನಾನು ಬೀದರ ಕಡೆಯವನು. ನನ್ನ ಹೆಂಡತಿಯ ಪ್ರಕಾರ ನಾನು ಹಾಲು ಕಂಡರೆ ಮೊದಲು ಅದರಲ್ಲಿನ ನೀರು ಹುಡುಕುವ ಮನುಷ್ಯ. ಗಾಡಿಯ ಕೆಲಸಕ್ಕೆ ಅಂಥವನೇ ಬೇಕೆಂದು ನಾನು ಅಂದುಕೊಂಡಿದ್ದೆ.

ಹೊಸ ಡ್ರೈವರ್ ಆಳಂದದ ಕಡೆಯವರು, ಐವತ್ತು ದಾಟಿದವರು. ಏಜೆನ್ಸಿಯಿಂದ ಬಂದ ನಾಲ್ಕು ಜನರಲ್ಲಿ ಅವರನ್ನು ಆರಿಸಿದ್ದು ನಾನೇ. ಮೊದಲ ದಿನ ಅವರು ‘ನಮಸ್ಕಾರ್ರೀ ಸಾಹೇಬ್ರ’ ಅಂದಾಗ ಎಷ್ಟೋ ದಿನದ ಮೇಲೆ ಕಚೇರಿಯಲ್ಲಿ ಕನ್ನಡ ಕೇಳಿ ನನಗೆ ಖುಷಿಯಾಗಿತ್ತು. ನಾನು ಅವರನ್ನು ಕಾಕಾ ಎಂದು ಕರೆಯತೊಡಗಿದೆ. ಆ ಖುಷಿಯ ಬೆನ್ನಿಗೇ ಒಂದು ಅಂಜಿಕೆಯೂ ಬಂತು. ಕಾನಡಿ ಸಾಹೇಬ ಕಾನಡಿ ಡ್ರೈವರನ್ನು ತಂದುಕೊಂಡ ಎಂದು ಚಹಾದ ಹೊತ್ತಿನಲ್ಲಿ ಯಾರೋ ಮರಾಠಿಯಲ್ಲಿ ನಕ್ಕದ್ದು ನನ್ನ ಕಿವಿಗೆ ಬಿದ್ದಿತ್ತು. ಅಂದಿನಿಂದ ಬೇರೆಯವರಿಗೆ ಒಂದು ಸಲ ಕೇಳುವ ಪ್ರಶ್ನೆಯನ್ನು ಅವರಿಗೆ ಎರಡು ಸಲ ಕೇಳುತ್ತಿದ್ದೆ. ಪರ ಊರಿನಲ್ಲಿ ನಮ್ಮವರ ಮೇಲೆ ನಾವು ತೋರಿಸುವ ಬಿಗಿ ಬೇರೆ ಯಾರ ಮೇಲೂ ತೋರಿಸುವುದಿಲ್ಲ.

ಜನವರಿಯಲ್ಲಿ ಹದಿನೈದು, ಫೆಬ್ರವರಿಯಲ್ಲಿ ಹದಿನಾಲ್ಕು, ಮಾರ್ಚಿನಲ್ಲಿ ಹದಿಮೂರರ ಕೆಳಗೆ, ಏಪ್ರಿಲಿನಲ್ಲಿ ಹನ್ನೆರಡು ಪಾಯಿಂಟ್ ಮೂರು. ಈ ಇಳಿತವನ್ನು ನೋಡಿ ನನಗೆ ಅನಿಸಿದ್ದು ಇಷ್ಟೇ: ಮನುಷ್ಯನ ಕೈ ಪಳಗುತ್ತಿದೆ. ಮೊದಲ ತಿಂಗಳು ಅಂಜುತ್ತ ತೆಗೆದ, ಈಗ ಧೈರ್ಯ ಬಂದಿದೆ.

ನಮ್ಮ ಮುಖ್ಯಸ್ಥೆ ಮರಾಠಿಯವರು, ಮಾತು ಕಡಿಮೆ. ಸಂಖ್ಯೆಗಳನ್ನು ನೋಡಿ, ಮೇ ಕೊನೆಗೆ ಡ್ರೈವರರ ಕರಾರು ಮುಗಿಯುತ್ತದೆ, ಅಷ್ಟರೊಳಗೆ ಕಾರಣ ಹುಡುಕಿ ಲಿಖಿತ ವರದಿ ಕೊಡಿ ಎಂದರು. ಕಳವು ಎಂದು ಬರೆದರೆ ಏಜೆನ್ಸಿಗೂ ಪ್ರತಿ ಹೋಗುತ್ತದೆ. ಆಮೇಲೆ ಈ ಊರಿನಲ್ಲಿ ಆ ಮನುಷ್ಯನ ಕೈಗೆ ಯಾರೂ ಕೀಲಿ ಕೊಡುವುದಿಲ್ಲ. ಇದು ನನಗೂ ಗೊತ್ತಿತ್ತು, ಆದರೂ ಅದೇ ಸಂಜೆ ವರದಿಯ ಕರಡು ಬರೆದು ಮೇಜಿನ ಡ್ರಾದಲ್ಲಿ ಇಟ್ಟೆ. ಸಾಕ್ಷಿಯ ಜಾಗ ಮಾತ್ರ ಖಾಲಿ ಬಿಟ್ಟಿದ್ದೆ.

ಸಾಕ್ಷಿ ಹುಡುಕಲು ಮೊದಲು ಮಾಡಿದ ಕೆಲಸ ದಾರ ಕಟ್ಟಿದ್ದು. ಡೀಸೆಲ್ ಟ್ಯಾಂಕಿನ ಮುಚ್ಚಳ ಮತ್ತು ಅದರ ಮೇಲಿನ ತಗಡಿನ ಬಾಗಿಲಿನ ಕೀಲು, ಇವೆರಡಕ್ಕೂ ಸೇರಿಸಿ ಕಪ್ಪು ಹೊಲಿಗೆ ದಾರ ಸುತ್ತಿ ಸಣ್ಣ ಗಂಟು ಹಾಕಿದೆ. ಮುಚ್ಚಳ ತಿರುಗಿಸಿದರೆ ದಾರ ಹರಿಯಲೇಬೇಕು. ಡೀಸೆಲ್ ಹಾಕಿಸಿ ಬಂದ ದಿನ ಗಾಡಿ ನಿಲ್ಲಿಸಿ ಅವರು ಕೈ ತೊಳೆಯಲು ಹೋದಾಗ ಹೊಸ ದಾರ ಕಟ್ಟುತ್ತಿದ್ದೆ. ಮರುದಿನ, ಅದರ ಮರುದಿನ, ನಾಸಿಕ್ ಓಟ ಮುಗಿಸಿ ಬಂದ ಮೇಲೆ ಎಲ್ಲ ನೋಡುತ್ತಿದ್ದೆ. ದಾರ ಕಟ್ಟಿದಲ್ಲೇ ಇರುತ್ತಿತ್ತು. ಹಾಗಾದರೆ ಕೆಳಗಿನ ಪೈಪಿನಿಂದ ಇಳಿಸುತ್ತಿರಬೇಕು ಎಂದುಕೊಂಡೆ.

ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಡಿಕ್ಕಿ ತೆಗೆದೆ. ಮಣ್ಣಿನ ಚೀಲಗಳ ಹಿಂದೆ ಐದು ಲೀಟರಿನ ಬಿಳಿ ಕ್ಯಾನು, ಅದರ ಪಕ್ಕದಲ್ಲಿ ಸುತ್ತಿಟ್ಟ ಒಂದು ಮಾರು ಪ್ಲಾಸ್ಟಿಕ್ ಪೈಪು. ನನಗಾದದ್ದು ಕಳ್ಳ ಸಿಕ್ಕ ಸಂತೋಷವೋ, ನಮ್ಮವನೇ ಸಿಕ್ಕನಲ್ಲ ಎಂಬ ದುಃಖವೋ ಹೇಳಲಾರೆ. ಕ್ಯಾನಿನ ಬಾಯಿಗೆ ಮೂಗಿಟ್ಟು ನೋಡಿದೆ. ಡೀಸೆಲ್ ವಾಸನೆ ಬರಲಿಲ್ಲ. ಚೆನ್ನಾಗಿ ತೊಳೆದಿದ್ದಾನೆ ಎಂದುಕೊಂಡೆ.

ಸಂಜೆ ಮಾತಿನ ನಡುವೆ ಸುಮ್ಮನೆ ಎಂಬಂತೆ ಕೇಳಿದೆ. “ಡಿಕ್ಕಿಯಾಗ ಅದೇನ್ರೀ ಕ್ಯಾನು?”

“ಗೋದಾವರಿ ನೀರಿಗಿ ರೀ. ಪಂಚವಟಿಗಿ ಹ್ವಾದಾಗ ತುಂಬ್ಕೊಂಡ್ ಬರ್ತೀನಿ. ಅಕೌಂಟ್ಸ್ ಮೇಡಂ ಅವರ ಅತ್ತಿ ಪೂಜಾಕ್ಕ ಕೇಳ್ತಾರ.”

“ಪೈಪು?”

“ಕ್ಯಾನಿನಿಂದ ಬಾಟ್ಲಿಗಿ ಸುರೂದಕ್ಕ ರೀ. ಹತ್ತು ಮಂದಿ ಕೇಳ್ತಾರ, ಎಲ್ಲಾರಿಗೂ ಒಂದೊಂದ್ ಬಾಟ್ಲಿ.”

ಅಕೌಂಟ್ಸ್ ಮೇಡಂ ಅವರನ್ನು ಕೇಳಿದೆ. ಹೌದು, ತರುತ್ತಾರೆ, ನಿಮಗೂ ಬೇಕಾ ಎಂದರು. ಅವರೂ ಇದರಲ್ಲಿ ಇದ್ದಾರೆಯೇ ಎಂಬ ಯೋಚನೆ ಒಂದು ಗಳಿಗೆ ನನ್ನ ತಲೆಯಲ್ಲಿ ಹಾದುಹೋಯಿತು. ಬರೆಯುವುದಕ್ಕೂ ನಾಚಿಕೆ, ಆದರೆ ಹಾದುಹೋದದ್ದು ನಿಜ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಕೊನೆಗೆ ಒಂದು ಸೋಮವಾರ ನಾನೇ ಗಾಡಿ ಹತ್ತಿದೆ. ನಾಸಿಕ್ ರಸ್ತೆಗೆ ಬೀಳುವ ಮುನ್ನ ಸಿಗುವ ಪಂಪಿನಲ್ಲಿ ನಳಿಕೆ ತಾನಾಗಿ ಟಕ್ ಎಂದು ನಿಲ್ಲುವವರೆಗೆ ಡೀಸೆಲ್ ಹಾಕಿಸಿ, ಮೀಟರಿನ ಸಂಖ್ಯೆ ಬರೆದುಕೊಂಡೆ. ವೈಜಾಪುರ, ಯೇವಲಾ, ನಿಫಾಡ್ ದಾಟುವವರೆಗೂ ಅವರ ಪಕ್ಕದ ಸೀಟಿನಲ್ಲಿ ಕೂತು ಕಾಲು, ಕೈ, ಕನ್ನಡಿ ಎಲ್ಲವನ್ನೂ ನೋಡುತ್ತಿದ್ದೆ. ಅವರ ಓಡಿಸುವ ರೀತಿಯಲ್ಲಿ ತಪ್ಪು ಹಿಡಿಯಲು ಆಗಲಿಲ್ಲ. ಎಪ್ಪತ್ತು ದಾಟಿಸಲಿಲ್ಲ, ಬ್ರೇಕು ಅಷ್ಟಾಗಿ ತುಳಿಯಲಿಲ್ಲ. ಪಂಚವಟಿಯ ಗಲ್ಲಿಯಲ್ಲಿ ಆಟೋಗಳ ನಡುವೆ ಗಾಡಿ ಸಿಕ್ಕಿಕೊಂಡಾಗ ಎಂಜಿನ್ ಆರಿಸಿ ಕೂತರು. ಪ್ರಯೋಗಶಾಲೆಯಲ್ಲಿ ಚೀಲ ಇಳಿಸುವಾಗ ನಾನು ಒಳಗೆ ಹೋಗದೆ ಗಾಡಿಯ ಹತ್ತಿರವೇ ನಿಂತೆ. “ಬಿಸ್ಲಾಗ ಯಾಕ ನಿಂತೀರಿ, ನೆಳ್ಳಿಗಿ ಬರ್ರಿ” ಎಂದು ಅವರು ಎರಡು ಸಲ ಕರೆದರು. ಹೋಗಲಿಲ್ಲ.

ಸಂಜೆ ಹಿಂದಿರುಗಿ ಅದೇ ಪಂಪಿನ ಅದೇ ನಳಿಕೆಯಿಂದ ಮತ್ತೆ ಟಕ್ ಎನ್ನುವವರೆಗೆ ತುಂಬಿಸಿದೆ. ಭಾಗಿಸಿದೆ. ಹನ್ನೆರಡು ಪಾಯಿಂಟ್ ನಾಲ್ಕು.

ಒಂದು ಹನಿ ಡೀಸೆಲ್ ಆಚೆ ಹೋಗಿಲ್ಲ, ನಾನೇ ಕಾವಲು ಇದ್ದೆ. ಇಷ್ಟಾದ ಮೇಲೆ ಯಾರಾದರೂ ಗಾಡಿಯ ಕಡೆ ತಿರುಗಿ ನೋಡುತ್ತಿದ್ದರು. ನಾನು ಪಂಪಿನ ಕಡೆ ತಿರುಗಿದೆ. ಅಳತೆಯಲ್ಲಿ ಮೋಸ ಇರಬೇಕು, ಅದರಲ್ಲಿ ಡ್ರೈವರಿಗೆ ಪಾಲಿರಬೇಕು. ಪಂಪಿನ ಮ್ಯಾನೇಜರನ್ನು ಕರೆಸಿ ಐದು ಲೀಟರಿನ ಅಳತೆಯ ಪಾತ್ರೆ ತರಿಸಿದೆ. ಕೇಳಿದವರಿಗೆ ಅದನ್ನು ತೋರಿಸಲೇಬೇಕು ಎಂಬ ನಿಯಮ ನನಗೆ ಗೊತ್ತಿತ್ತು. ಹಿಂದೆ ನಿಂತ ಟ್ರಕ್ಕಿನವರು ಹಾರ್ನ್ ಹೊಡೆಯುತ್ತಿದ್ದರು. ಡೀಸೆಲ್ ಗೆರೆಯ ಮೇಲೆ ಬಂದು ನಿಂತಿತು, ಕೂದಲೆಳೆಯಷ್ಟೂ ಕಡಿಮೆ ಇಲ್ಲ. ನಮ್ಮ ಡ್ರೈವರ್ ಆ ಹೊತ್ತಿನಲ್ಲಿ ದೂರ ಹೋಗಿ ಗಾಜು ಒರೆಸುತ್ತಿದ್ದರು. ಎಲ್ಲವೂ ಅವರಿಗೆ ಅರ್ಥವಾಗಿತ್ತು ಎಂದು ಈಗ ಗೊತ್ತು.

ಆಗ ಮಾತ್ರ ಬೇರೆ ದಾರಿಯಿಲ್ಲದೆ ಗಾಡಿ ರಿಪೇರಿಯ ಮಿಸ್ತ್ರಿಯ ಹತ್ತಿರ ಹೋದೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡ ಹಳಬ. ನಾನು ಒಬ್ಬನೇ ಹೋಗಿದ್ದೆ. ಡ್ರೈವರ್ ಜೊತೆಗಿದ್ದರೆ ಇಬ್ಬರೂ ಕಣ್ಣಲ್ಲೇ ಮಾತಾಡಿಕೊಂಡು ನನಗೆ ಟೋಪಿ ಹಾಕುತ್ತಾರೆ ಎಂಬ ಲೆಕ್ಕ. ನನ್ನ ದೂರನ್ನೆಲ್ಲ ಕೇಳಿ ಅವನು ಬೀಡಿ ಆರಿಸಿ ಹೇಳಿದ್ದು ಒಂದೇ ಮಾತು.

“ಸಾಹೇಬ್, ಆಧೀ ಹವಾ ಬಘಾ.”

ಮೊದಲು ಗಾಳಿ ನೋಡಿ. ನನಗೆ ನಗು ಬಂತು. ಗಾಳಿಯ ವಿಷಯದಲ್ಲಿ ನಮ್ಮಲ್ಲಿ ಪದ್ಧತಿ ಇದೆ, ಲಿಖಿತ ಸೂಚನೆ ಇದೆ, ವಾರಕ್ಕೊಮ್ಮೆ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ, ಅದನ್ನು ಬಿಟ್ಟು ಬೇರೆ ಏನಿದೆ ಹೇಳು ಎಂದೆ. ಅವನು ಭುಜ ಕುಣಿಸಿ, ಹಾಗಾದರೆ ಒಂದೊಂದಾಗಿ ನೋಡೋಣ, ಒಂದು ಸರಿ ಮಾಡಿದ ಮೇಲೆ ಒಂದು ಓಟ ಹೋಗಿಬನ್ನಿ, ಎಲ್ಲ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ ಎಂದ. ಆ ಬುದ್ಧಿ ನನಗೆ ಹಿಡಿಸಿತು. ಅವನ ಮೇಲೂ ಕಣ್ಣಿಡಲು ಅನುಕೂಲ.

ಗಾಡಿ ತರಿಸಿದೆವು. ಮೊದಲು ಏರ್ ಫಿಲ್ಟರ್. ಡಬ್ಬಿಯ ನಾಲ್ಕು ಕ್ಲಿಪ್ಪು ಬಿಚ್ಚಿ ಹೊರಗೆ ತೆಗೆದರೆ, ಬೆಳ್ಳಗಿರಬೇಕಾದ ಕಾಗದದ ಮಡಿಕೆಗಳ ನಡುವೆ ಮೆಕ್ಕೆಜೋಳದ ಹೊಟ್ಟು, ಹತ್ತಿಯ ನವಿರು, ಅದರ ಮೇಲೆ ಕರಿಮಣ್ಣಿನ ಪದರ. ಸಿಲ್ಲೋಡಿನ ಹೊಲದ ದಾರಿಗಳೆಲ್ಲ ಅದರೊಳಗೇ ಇದ್ದವು. ಬಾಯಿ ಮುಚ್ಚಿಕೊಂಡು ಓಡಿದರೆ ಎಂಜಿನ್ ಏನು ಮಾಡುತ್ತದೆ ಎಂದ ಮಿಸ್ತ್ರಿ.

“ನಾ ಫೆಬ್ರವರಿಯಾಗನ ಹೇಳಿದ್ನಲ್ರೀ ಸಾಹೇಬ್ರ” ಎಂದರು ಡ್ರೈವರ್, ಮೆಲ್ಲಗೆ.

ಹೇಳಿದ್ದರು. ಚೀಟಿಯನ್ನೂ ಬರೆದುಕೊಟ್ಟಿದ್ದರು. ನಾನು, ಸರ್ವಿಸಿಗೆ ಇನ್ನೂ ಕಿಲೋಮೀಟರ್ ಇದೆ ಎಂದು ತಿರುಗಿಸಿ ಕಳಿಸಿದ್ದೆ. ಸಾಮಾನು ಬದಲಿಸಿ ಎಂದು ಡ್ರೈವರ್ ಹೇಳಿದನೆಂದರೆ ಅಂಗಡಿಯವನ ಜೊತೆ ಒಳಒಪ್ಪಂದ ಇದೆ ಎಂಬುದು ನನ್ನ ಶಾಸ್ತ್ರ.

ಹೊಸ ಫಿಲ್ಟರ್ ಹಾಕಿ ನಾಸಿಕ್‌ಗೆ ಹೋಗಿಬಂದದ್ದಾಯಿತು. ಹನ್ನೆರಡು ಪಾಯಿಂಟ್ ಏಳು. ಅಷ್ಟೇನಾ ಎನಿಸಿತು. ನಳಿಕೆ ಒಂದು ಗುಟುಕು ಹೆಚ್ಚುಕಡಿಮೆ ಕುಡಿಸಿದರೂ ಅಷ್ಟು ವ್ಯತ್ಯಾಸ ಬರಬಹುದು.

ಎರಡನೆಯದು ತಲೆಯ ಮೇಲಿನ ಕ್ಯಾರಿಯರ್. ಫೆಬ್ರವರಿಯಲ್ಲಿ ರೈತರ ಶಿಬಿರ ನಡೆದಾಗ ಗಾಡಿಯ ಮೇಲೆ ಕಬ್ಬಿಣದ ಕ್ಯಾರಿಯರ್ ಕೂಡಿಸಿ, ಅದರ ಮುಂದೆ ಕಚೇರಿಯ ಹೆಸರಿನ ಅಗಲದ ಬೋರ್ಡು ನಿಲ್ಲಿಸಿದ್ದೆವು. ಶಿಬಿರ ಮುಗಿಯಿತು, ಬೋರ್ಡು ಉಳಿಯಿತು. ಪ್ರಚಾರ ಆಗುತ್ತದೆ ಬಿಡಿ ಎಂದದ್ದು ನಾನೇ. ಚಲಿಸುವ ಗಾಡಿಯ ಕಿಟಕಿಯಾಚೆ ಅಂಗೈ ಅಗಲಿಸಿ ಹಿಡಿದರೆ ಗಾಳಿ ಎಷ್ಟು ತಳ್ಳುತ್ತದೆ, ಆ ಬೋರ್ಡು ಅಂಥ ಎಷ್ಟು ಅಂಗೈ ಎಂದು ಮಿಸ್ತ್ರಿ ಕೇಳಿದ. ನಾಲ್ಕು ನಟ್ಟು ಬಿಚ್ಚಿ ಇಳಿಸಿದೆವು. ಮುಂದಿನ ಓಟದಲ್ಲಿ ಹದಿಮೂರು ಪಾಯಿಂಟ್ ಏಳು. ಒಂದೇ ಏಟಿಗೆ ಒಂದು ಕಿಲೋಮೀಟರ್.

ಖುಷಿಪಡುವ ಬದಲು ನನಗೆ ಬೇರೆಯೇ ಹೊಳೆಯಿತು. ನಾನು ತನಿಖೆಗೆ ಇಳಿದದ್ದು ಗೊತ್ತಾಗಿ ಕಳ್ಳ ಕೈ ಹಿಂದೆ ತೆಗೆದಿದ್ದಾನೆ, ಅದಕ್ಕೇ ಸಂಖ್ಯೆ ಏರುತ್ತಿದೆ. ಹಾಗಾದರೆ ನಾನು ಪಕ್ಕದಲ್ಲೇ ಕೂತ ದಿನ ಹನ್ನೆರಡು ಪಾಯಿಂಟ್ ನಾಲ್ಕು ಏಕೆ ಬಂತು? ಉತ್ತರ ಇಲ್ಲದ ಪ್ರಶ್ನೆಯನ್ನು ಕೇಳಿಕೊಳ್ಳದೇ ಇರುವುದು ಅನುಮಾನದ ಮನುಷ್ಯನಿಗೆ ಚೆನ್ನಾಗಿ ಬರುತ್ತದೆ.

ಮೂರನೆಯದು ಡ್ರೈವರ್ ತಾವಾಗಿ ತೋರಿಸಿಕೊಟ್ಟದ್ದು. ಹೆದ್ದಾರಿಯಿಂದ ಬಂದು ನಿಲ್ಲಿಸಿದ ಕೂಡಲೇ ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಅಂಗೈ ಹಿಂಭಾಗ ಹಿಡಿದು ನೋಡಲು ಹೇಳಿದರು. ಮೂರು ಬೆಚ್ಚಗಿದ್ದವು. ಹಿಂದಿನ ಎಡಗಡೆಯದು ಹಂಚಿನ ಹಾಗೆ ಕಾದಿತ್ತು. ಹ್ಯಾಂಡ್‌ಬ್ರೇಕಿನ ತಂತಿ ತುಕ್ಕು ಹಿಡಿದು, ಬಿಟ್ಟ ಮೇಲೂ ಪೂರ್ತಿ ಹಿಂದೆ ಸರಿಯುತ್ತಿರಲಿಲ್ಲ. ಬ್ರೇಕು ಸದಾ ಚೂರು ಹಿಡಿದೇ ಇರುತ್ತಿತ್ತು. ತಂತಿಗೆ ಎಣ್ಣೆ ಬಿಟ್ಟು, ಬ್ರೇಕ್ ಶೂ ಸ್ವಚ್ಛ ಮಾಡಿ ಸಡಿಲಿಸಿದ ಮಿಸ್ತ್ರಿ ಚಕ್ರವನ್ನು ಎತ್ತಿ ಬೆರಳಿನಿಂದ ತಿರುಗಿಸಿ ತೋರಿಸಿದ. ಹದಿನಾಲ್ಕು ಪಾಯಿಂಟ್ ನಾಲ್ಕು. ಇನ್ನೊಂದು ಓಟ, ಮತ್ತೆ ಹದಿನಾಲ್ಕು ಪಾಯಿಂಟ್ ನಾಲ್ಕು. ಅಲ್ಲಿಗೆ ನಿಂತುಬಿಟ್ಟಿತು.

ಹದಿನೈದೂವರೆಗೆ ಇನ್ನೂ ಒಂದರ ಮೇಲೆ ಬಾಕಿ. ವರದಿಗೆ ಉಳಿದದ್ದು ಆರು ದಿನ. ಆ ಬಾಕಿಯೇ ಕಳವು, ಉಳಿದದ್ದೆಲ್ಲ ಅದರ ಮೇಲೆ ಹೊದಿಸಿದ ಚಾದರ ಎಂದು ನಾನು ತೀರ್ಮಾನಕ್ಕೆ ಬರುವುದರಲ್ಲಿದ್ದೆ. ಈ ನಡುವೆ ಅವರನ್ನು ಕಾಕಾ ಎನ್ನುವುದು ಯಾವಾಗ ನಿಂತಿತೋ ನನಗೇ ತಿಳಿಯಲಿಲ್ಲ. ‘ಡ್ರೈವರ್’ ಎಂದು ಕೂಗುತ್ತಿದ್ದೆ. ಅವರು ‘ಬಂದೆ ರೀ’ ಎಂದು ಅದೇ ದನಿಯಲ್ಲಿ ಬರುತ್ತಿದ್ದರು.

ಗಾಳಿಯ ಪುಸ್ತಕದಲ್ಲಿ ಸುಳ್ಳು ಇರಬಹುದೇ ಎಂಬ ಯೋಚನೆ ಬಂದದ್ದು ಆಗ. ಅಂಗಡಿಯಿಂದ ಒಂದು ಗಾಳಿಯ ಮಾಪಕ ಕೊಂಡುತಂದೆ. ಯಾರಿಗೂ ಹೇಳದೆ ಮರುದಿನ ಬೆಳಿಗ್ಗೆ ಏಳಕ್ಕೇ ಕಚೇರಿಗೆ ಹೋಗಿ, ರಾತ್ರಿಯೆಲ್ಲ ನಿಂತು ತಣ್ಣಗಾದ ಗಾಡಿಯ ಚಕ್ರಗಳಿಗೆ ಒತ್ತಿ ನೋಡಿದೆ. ಇಪ್ಪತ್ತನಾಲ್ಕು. ಇಪ್ಪತ್ತನಾಲ್ಕು. ಇಪ್ಪತ್ಮೂರು. ಇಪ್ಪತ್ತನಾಲ್ಕು. ಪುಸ್ತಕದಲ್ಲಿ ಅವರ ಅಕ್ಷರದಲ್ಲೇ ಬರೆದಿತ್ತು: ಇಪ್ಪತ್ತೆಂಟು, ಇಪ್ಪತ್ತೆಂಟು, ಇಪ್ಪತ್ತೆಂಟು, ಇಪ್ಪತ್ತೆಂಟು.

ಸಿಕ್ಕಿಬಿದ್ದ ಎಂದುಕೊಂಡೆ. ಸುಳ್ಳು ಬರೆದಿದ್ದಾನೆ, ನೋಡದೇ ತುಂಬಿಸಿದ್ದಾನೆ. ಗಾಳಿಯಲ್ಲಿ ಸುಳ್ಳು ಬರೆದವನು ಡೀಸೆಲ್ಲಿನಲ್ಲಿ ಬಿಡುತ್ತಾನೆಯೇ. ಎದುರಿಗೆ ಸಾಕ್ಷಿ ಇರಲಿ ಎಂದು ಅವರು ಬಂದ ಕೂಡಲೇ ಗಾಡಿಯನ್ನು ಮಿಸ್ತ್ರಿಯ ಶೆಡ್ಡಿಗೆ ಹೊಡೆಸಿ, ಮಾಪಕವನ್ನೂ ಪುಸ್ತಕವನ್ನೂ ಅವನ ಮುಂದೆ ಇಟ್ಟೆ.

ಮಿಸ್ತ್ರಿ ಎರಡನ್ನೂ ನೋಡಿ, ಇಪ್ಪತ್ತೆಂಟನ್ನು ಯಾವಾಗ ನೋಡಿದ್ದು ಎಂದು ಡ್ರೈವರನ್ನು ಕೇಳಿದ.

“ಮಧ್ಯಾಹ್ನ” ಎಂದರು ಅವರು, ಹಿಂದಿಯಲ್ಲಿ. “ಓಡಿಸಿಕೊಂಡು ಹೋಗಿ, ಪಂಪಿನಲ್ಲಿ.”

ಆಗ ಮಿಸ್ತ್ರಿ ಮುಂದಿನ ಬಾಗಿಲು ತೆರೆದು ಅದರ ಚೌಕಟ್ಟಿನ ಮೇಲೆ ಕಂಪನಿ ಅಂಟಿಸಿದ್ದ ಮಾಸಿದ ಸ್ಟಿಕ್ಕರನ್ನು ಹೆಬ್ಬೆರಳಿನಿಂದ ಉಜ್ಜಿದ. ಮುಂದೆ ಮೂವತ್ಮೂರು, ಹಿಂದೆ ಮೂವತ್ತಾರು, ಚಕ್ರ ತಣ್ಣಗಿರುವಾಗ. ಆರು ವರ್ಷದಿಂದ ಆ ಬಾಗಿಲು ತೆರೆದು ಮುಚ್ಚುತ್ತಿದ್ದೇನೆ, ಅದನ್ನು ಓದಿರಲಿಲ್ಲ. ಮೇ ತಿಂಗಳ ಡಾಂಬರಿನ ಮೇಲೆ ಓಡಿದ ಚಕ್ರದ ಗಾಳಿ ತಾನಾಗಿ ಹಿಗ್ಗಿ ನಾಲ್ಕೈದು ಹೆಚ್ಚು ತೋರಿಸುತ್ತದೆ. ಆ ಹೊತ್ತಿನಲ್ಲಿ ಇಪ್ಪತ್ತೆಂಟಕ್ಕೆ ಇಳಿಸಿದರೆ ಬೆಳಿಗ್ಗೆ ಇಪ್ಪತ್ತನಾಲ್ಕೇ ಇರಬೇಕು. ಪುಸ್ತಕದ ಲೆಕ್ಕವೂ ಮಾಪಕದ ಲೆಕ್ಕವೂ ಎರಡೂ ನಿಜ. ಹಾಗೆ ಮೆತ್ತಗಾದ ಚಕ್ರ ನೆಲಕ್ಕೆ ಹೆಚ್ಚು ಒರಗುತ್ತದೆ, ಎಂಜಿನ್ ಅದನ್ನು ಎಳೆದುಕೊಂಡು ಹೋಗಬೇಕು. ಮೇಲಾಗಿ ಮೆತ್ತನೆಯ ಚಕ್ರವೇ ಹೆಚ್ಚು ಕಾಯುತ್ತದೆ, ಒಡೆಯುವುದಾದರೆ ಅದೇ ಮೊದಲು ಒಡೆಯುತ್ತದೆ.

ಇಷ್ಟು ಹೇಳಿ ಮಿಸ್ತ್ರಿ ಸಿಟ್ಟಿನಿಂದ ಡ್ರೈವರ್ ಕಡೆ ತಿರುಗಿದ. ಬಿಸಿ ಚಕ್ರದ ಗಾಳಿ ಬಿಡುವ ಮೂರ್ಖತನ ಯಾರು ಕಲಿಸಿದರು, ಇಷ್ಟು ವರ್ಷ ಸ್ಟಿಯರಿಂಗ್ ಹಿಡಿದು ಇಷ್ಟೂ ತಿಳಿಯದೇ ಎಂದು ಮರಾಠಿಯಲ್ಲಿ ಬೈದ.

ಡ್ರೈವರ್ ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತ ನಿಂತರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಂದು ಹೆಗಲು ಮುಟ್ಟಿಕೊಳ್ಳಬೇಕಾದವನು ನಾನು. ಗಾಡಿಯ ಬಿಸಿಲು ತಡೆಯುವ ಹಲಗೆಯ ಹಿಂದೆ ಪ್ಲಾಸ್ಟಿಕ್ ಹೊದಿಸಿದ ಒಂದು ಚೀಟಿ ಇತ್ತು. ನನ್ನ ಅಕ್ಷರ, ಕೆಳಗೆ ನನ್ನ ಸಹಿ. ‘ಮಾರ್ಚಿನಿಂದ ಜೂನ್‌ವರೆಗೆ ಮಧ್ಯಾಹ್ನ ಗಾಳಿ ಪರೀಕ್ಷಿಸಿ ನಾಲ್ಕೂ ಚಕ್ರಗಳನ್ನು 28ಕ್ಕೆ ಇಳಿಸತಕ್ಕದ್ದು.’ ನಮ್ಮ ಕಡೆಯಲ್ಲಿ ಎಲ್ಲರೂ ಹೇಳುವ ಮಾತು ಅದು. ಬಿಸಿಲಿಗೆ ಗಾಳಿ ಕಡಿಮೆ ಇಡಬೇಕು, ಇಲ್ಲದಿದ್ದರೆ ಟಯರು ಸಿಡಿಯುತ್ತದೆ. ಹುಮನಾಬಾದಿನ ರಸ್ತೆಯಲ್ಲಿ ಅಪ್ಪನ ಜೀಪಿನ ಟಯರು ಸಿಡಿದದ್ದನ್ನು ಸಣ್ಣವನಿದ್ದಾಗ ಹಿಂದಿನ ಸೀಟಿನಲ್ಲಿ ಕೂತು ನೋಡಿದ್ದೆ. ಅಂದಿನಿಂದ ಅದು ನನಗೆ ವೇದವಾಕ್ಯ. ಮಾರ್ಚಿನಲ್ಲಿ ಡ್ರೈವರ್ ಒಮ್ಮೆ ಕೇಳಿದ್ದರು, “ಇಷ್ಟ್ ಕಡಿಮಿ ಬ್ಯಾಡನ್ಸ್ತದ ರೀ, ಗಾಡಿ ಜಗ್ತದ” ಎಂದು. “ನಾ ಹೇಳಿದಷ್ಟ ಮಾಡ್ರಿ” ಎಂದಿದ್ದೆ.

ಶೆಡ್ಡಿನಲ್ಲಿ ಆಗಲೇ ಬಾಯಿಬಿಟ್ಟು ‘ಬೈಬೇಡಪ್ಪ, ಹೇಳಿದ್ದು ನಾನು’ ಅನ್ನಬಹುದಿತ್ತು. ಅನ್ನಲಿಲ್ಲ. ಆ ಓಣಿಯಲ್ಲಿ ನಾಲ್ಕು ಜನ ನಿಂತು ನೋಡುತ್ತಿದ್ದರು, ನಾನು ಸಾಹೇಬ. ಗಾಳಿ ತುಂಬಿಸಿಕೊಂಡು ಕಚೇರಿಗೆ ಬರಲು ಹತ್ತು ನಿಮಿಷ ಹಿಡಿಯಿತು. ನನ್ನ ಮೇಲೆ ನನಗೇ ಹೇಸಿಗೆ ಬಂದದ್ದು ಆ ಹತ್ತು ನಿಮಿಷದಲ್ಲಿ.

ಒಂದು ಅನುಮಾನ ಉಳಿದಿತ್ತು. ಹಿಂದಿನ ಬೇಸಿಗೆಯಲ್ಲೂ ಇದೇ ಚೀಟಿ ಇತ್ತಲ್ಲ, ಆಗ ಹದಿನೈದೂವರೆ ಹೇಗೆ ಬಂತು? ಕೆಲಸ ಬಿಟ್ಟು ಪುಣೆಗೆ ಹೋದ ಹಳೆಯ ಡ್ರೈವರಿಗೆ ಫೋನ್ ಮಾಡಿದೆ. ಅವನು ಗಟ್ಟಿಯಾಗಿ ನಕ್ಕ. ಆ ಚೀಟಿಯನ್ನು ಯಾರು ಕೇಳುತ್ತಾರೆ ಸಾಹೇಬ್, ಪುಸ್ತಕದಲ್ಲಿ ಇಪ್ಪತ್ತೆಂಟು ಬರೆದು ಸಹಿ ಮಾಡುತ್ತಿದ್ದೆ, ಗಾಳಿ ಮಾತ್ರ ಸ್ಟಿಕ್ಕರಿನ ಪ್ರಕಾರ ಇಡುತ್ತಿದ್ದೆ ಎಂದ. ನನ್ನ ಮಾತು ಕೇಳದೆ ಸುಳ್ಳು ಬರೆದವನನ್ನು ನಾನು ಒಳ್ಳೆಯ ಡ್ರೈವರ್ ಎಂದು ಹೊಗಳಿ ಕಳಿಸಿದ್ದೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿ ನಿಜ ಬರೆದವರು ಕಳ್ಳರಾಗಿದ್ದರು.

ತಿಂಗಳುವಾರು ಸಂಖ್ಯೆಗಳನ್ನು ಮತ್ತೆ ಎದುರಿಗೆ ಇಟ್ಟುಕೊಂಡೆ. ಜನವರಿಯಲ್ಲೇ ಅರ್ಧ ಕಿಲೋಮೀಟರ್ ಇಳಿದಿತ್ತು, ಅದು ಹೊಟ್ಟು ತುಂಬಿದ ಫಿಲ್ಟರ್ ಇರಬೇಕು. ಫೆಬ್ರವರಿಯಲ್ಲಿ ನನ್ನ ಬೋರ್ಡು. ಮಾರ್ಚಿನಲ್ಲಿ ನನ್ನ ಚೀಟಿ. ಏಪ್ರಿಲಿನದು ಮಾತ್ರ ತುಕ್ಕು ಹಿಡಿದ ಬ್ರೇಕಿನ ತಂತಿ. ಉಳಿದದ್ದರಲ್ಲೆಲ್ಲ ಕೈ ಪಳಗುತ್ತಿದ್ದದ್ದು ನನ್ನದೇ.

ಮುಂದಿನ ಓಟ ಹದಿನೈದು ಪಾಯಿಂಟ್ ನಾಲ್ಕು ಬಂತು.

ವರದಿ ಬರೆಯಲು ಕೂತೆ. ಎರಡು ದಾರಿ ಇತ್ತು. ‘ಗಾಡಿಯ ಸಣ್ಣಪುಟ್ಟ ದೋಷ ಸರಿಪಡಿಸಲಾಗಿದೆ, ಕಳವು ಕಂಡುಬಂದಿಲ್ಲ’ ಎಂದು ಎರಡು ಸಾಲು ಬರೆದು ಮುಗಿಸಬಹುದಿತ್ತು. ಅದರಲ್ಲಿ ಸುಳ್ಳೂ ಇರಲಿಲ್ಲ. ಆದರೆ ಮುಖ್ಯಸ್ಥೆ ಓದಿದ ಕೂಡಲೇ ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು. ಚಕ್ರದಲ್ಲಿ ಗಾಳಿ ಇಲ್ಲದಿದ್ದರೆ ನಿಮ್ಮ ಡ್ರೈವರ್ ಮೂರು ತಿಂಗಳು ಏನು ನೋಡುತ್ತಿದ್ದ? ಕಳ್ಳ ಅಲ್ಲದಿದ್ದರೆ ದಡ್ಡ ಎಂದಾಗುತ್ತದೆ. ಕರಾರು ಹೇಗೂ ಹೋಗುತ್ತದೆ. ಡ್ರಾದಿಂದ ಹಳೆಯ ಕರಡು ತೆಗೆದು ಹರಿದೆ. ಗಾಡಿಗೆ ಹೋಗಿ ಬಿಸಿಲಿನ ಹಲಗೆಯ ಹಿಂದಿನ ಚೀಟಿ ಕಿತ್ತು ತಂದೆ. ಫಿಲ್ಟರ್ ಕೇಳಿ ಅವರು ಬರೆದ ಚೀಟಿ ಫೈಲಿನಲ್ಲೇ ಇತ್ತು, ಅದರ ಮೇಲೆ ‘ಅಗತ್ಯವಿಲ್ಲ’ ಎಂದು ನನ್ನ ಕೆಂಪು ಅಕ್ಷರ. ಎರಡನ್ನೂ ವರದಿಗೆ ಲಗತ್ತಿಸಿ, ಯಾವ ಸೂಚನೆ ಯಾರದು ಎಂದು ಬರೆದು ಸಹಿ ಹಾಕಿದೆ.

ಮುಖ್ಯಸ್ಥೆ ಎರಡೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ಓದಿದರು. ವರದಿಯ ಅಂಚಿನಲ್ಲಿ ನನ್ನ ಹೆಸರಿಗೆ ಒಂದು ಎಚ್ಚರಿಕೆ ಬರೆದರು. ಡ್ರೈವರರ ಕರಾರು ಒಂದು ವರ್ಷಕ್ಕೆ ಮುಂದುವರಿಯಿತು.

ಹೇಳಲು ನಾನೇ ಕೆಳಗಿಳಿದು ಗಾಡಿಯ ಹತ್ತಿರ ಹೋದೆ. ಬಹಳ ದಿನದ ಮೇಲೆ ‘ಕಾಕಾ’ ಎಂದು ಕರೆದೆ. ಕರಾರಿನ ಸುದ್ದಿ ಹೇಳಿ, ತಪ್ಪಾಯಿತು, ಮಿಸ್ತ್ರಿಯ ಮುಂದೆ ಬಾಯಿ ಬಿಡಬೇಕಿತ್ತು ಎಂದೆ.

“ಇರ್ಲಿ ಬಿಡ್ರಿ” ಎಂದರು. ಆಮೇಲೆ ಗಾಡಿಯ ಡ್ಯಾಶ್‌ಬೋರ್ಡಿನ ಡಬ್ಬಿ ತೆರೆದು ಏನೋ ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ಕಪ್ಪು ಹೊಲಿಗೆ ದಾರದ ಒಂದು ಉಂಡೆ, ಅರ್ಧ ಮುಗಿದದ್ದು.

“ನಿಮ್ಮ ಗಂಟು ಸಡ್ಲ ಇರ್ತಿತ್ರಿ. ಯೇವಲಾ ದಾಟೂದ್ರಾಗ ಬಿಚ್ಚಿ ಬೀಳ್ತಿತ್ತು. ಬಿದ್ದಿದ್ದ್ ನೋಡಿದ್ರ ನೀವ್ ಏನ್ ತಿಳ್ಕೋತಿದ್ರಿ? ಅದಕ್ಕ ನಾನೂ ಒಂದು ಉಂಡಿ ತಂದಿಟ್ಕೊಂಡಿದ್ದೆ. ಪ್ರತಿ ಸಲ ನಾನ ಕಟ್ತಿದ್ದೆ.”

ನಾನು ದಿನವೂ ಬಗ್ಗಿ ನೋಡಿ ನಂಬಿದ ಸಾಕ್ಷಿ ಅವರ ಕೈಯ ಗಂಟು. “ಮೊದಲ ದಿನಾನ ಯಾಕ ಕೇಳಲಿಲ್ರೀ ನನ್ನ?” ಎಂದೆ.

“ಅದನ್ನ ನಾ ನಿಮಗ ಕೇಳಬೇಕ್ರೀ” ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಹಗುರ ಆಗುತ್ತಿತ್ತು.

ಈಗ ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಚಕ್ರ ತಣ್ಣಗಿರುವಾಗ ನಾವಿಬ್ಬರೂ ಕೂತು ಗಾಳಿ ನೋಡುತ್ತೇವೆ. ಅವರು ಸಂಖ್ಯೆ ಹೇಳುತ್ತಾರೆ, ನಾನು ಬರೆಯುತ್ತೇನೆ. ಗಾಡಿ ಲೀಟರಿಗೆ ಹದಿನೈದೂವರೆ ತಪ್ಪದೆ ಕೊಡುತ್ತಿದೆ. ಬರೆದು ಮುಗಿಸಿ ನಾನು ಮೇಲೆ ಹೋಗಬಹುದು, ಕೆಲಸ ಬಹಳ ಇರುತ್ತದೆ. ಆದರೆ ಅವರು ಪಕ್ಕದ ಸೀಟಿನ ಬಾಗಿಲು ತೆರೆದು ಹಿಡಿದುಕೊಂಡು ನಿಲ್ಲುತ್ತಾರೆ.

“ಬರ್ರಿ ಸಾಹೇಬ್ರ, ಡೀಸೆಲ್ ಹಾಕ್ಸೂದದ.”

ನೀವೇ ಹೋಗಿಬನ್ನಿ ಕಾಕಾ ಎಂದು ಎಷ್ಟು ಸಲ ಹೇಳಿದರೂ ಅವರು ಒಬ್ಬರೇ ಪಂಪಿಗೆ ಹೋಗುವುದಿಲ್ಲ.